ನಾಲ್ಕು ಮೆಗಾಬೈಟಿನ ಪುಟ

ಪಾಲಾರಿವಟ್ಟಂ, ಕೊಚ್ಚಿ
ಬುಧವಾರ, ೧೯ ನವೆಂಬರ್ ೧೯೯೭

ಪ್ರೀತಿಯ ನಿಮ್ಮಿ,

ನೀನು ಕಳಿಸಿದ ಫ್ಲಾಪಿ, ಅದರ ಜೊತೆಗಿನ ಪತ್ರ ಎರಡೂ ತಲುಪಿದವು. ಉಳ್ಳೂರಿನ ಹೊಸ ಮನೆಯಲ್ಲಿ ನೀರಿಗೆ ತೊಂದರೆಯಿಲ್ಲ ಎಂದು ತಿಳಿದು ಸಂತೋಷ. ಉಳಿದದ್ದಕ್ಕೂ ಸಂತೋಷ ಎಂದು ಬರೆದರೆ ನೀನು ನಂಬುತ್ತೀಯೋ ಇಲ್ಲವೋ, ನಾನಂತೂ ನಂಬುವುದಿಲ್ಲ.

ಹೊಟ್ಟೆ ಉರಿಯಿತು ಕಣೇ. ರಾಜೀವನನ್ನು ಬ್ಯಾಂಕಿನವರು ಕೊಚ್ಚಿಗೆ ವರ್ಗ ಮಾಡಿ, ಗಂಡನ ಹಿಂದೆ ನಾನು ತಿರುವನಂತಪುರದ ಸಂಸ್ಥೆ ಬಿಟ್ಟಾಗ, ಪಕ್ಕದ ವಿಭಾಗದಲ್ಲಿದ್ದ ನೀನು ನನ್ನ ಕುರ್ಚಿಗೆ ಬಂದೆ. ಕುರ್ಚಿಯ ಜೊತೆಗೆ ನನ್ನ ಯೋಚನೆಯನ್ನೂ ತೆಗೆದುಕೊಂಡೆ. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಮೆಮೊರಿಯನ್ನು ನಾಲ್ಕು ಕಿಲೋಬೈಟಿನ ಚೂರು ಪುಟಗಳಲ್ಲಿ ಹಂಚುತ್ತದೆ, ಹೊಸ ಪ್ರೊಸೆಸರಿನಲ್ಲಿ ನಾಲ್ಕು ಮೆಗಾಬೈಟಿನ ಪುಟವೂ ಇದೆ, ಉಪಗ್ರಹದ ಚಿತ್ರದಂಥ ದೊಡ್ಡ ಕೆಲಸಕ್ಕೆ ಪ್ರೋಗ್ರಾಂ ಅದನ್ನು ಕೇಳಿ ಪಡೆಯುವಂತಾಗಬೇಕು ಎಂದು ಕ್ಯಾಂಟೀನಿನಲ್ಲಿ ಪುಟ್ಟಿನ ತಟ್ಟೆ ಸರಿಸಿ ನಿನಗೆ ಮೊದಲು ಹೇಳಿದವಳು ನಾನು. ಈಗ ಹಾಗೆ ಕೇಳಿ ಪಡೆಯುವ ಸಿಸ್ಟಂ ಕಾಲ್ ಬರೆದವಳು ನೀನು. ಶುಕ್ರವಾರ ವಿಶ್ವೇಶ್ವರ ಸರ್ ಎದುರು ನಡೆಸಿ ತೋರಿಸುವವಳೂ ನೀನು. ನಿನ್ನನ್ನು ಅಲ್ಲಿ ಮೇಡಂ ಎನ್ನುತ್ತಾರಂತೆ. ನಾನಿಲ್ಲಿ ಜವಳಿ ಅಂಗಡಿಗಳ ಬಿಲ್ಲಿಂಗ್ ಪ್ರೋಗ್ರಾಂ ಬರೆಯುವ ಚೇಚಿ, ಬರೀ ಅಕ್ಕ.

ತಪ್ಪು ಹುಡುಕುವುದರಲ್ಲಿ ನಿನ್ನಂಥವಳು ಇಲ್ಲಿ ಯಾರೂ ಇಲ್ಲ, ಒಮ್ಮೆ ನೋಡಿಕೊಡೇ ಎಂದು ಬರೆದಿದ್ದೆಯಲ್ಲ. ನನ್ನ ಮೇಲೆ ನಿನಗೆ ಒಂದಿಷ್ಟೂ ಸಂಶಯ ಬರಲಿಲ್ಲ. ಅದಕ್ಕೂ ನನಗೆ ಸಿಟ್ಟು.

ಕೋಡ್ ಚೆನ್ನಾಗಿದೆ. ನಾನು ಬರೆದಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಎಲ್ಲಾದರೂ ಎಡವಿರಲಪ್ಪಾ ಎಂದುಕೊಳ್ಳುತ್ತಲೇ ಓದಿದೆ. ಇವತ್ತು ಬೆಳಿಗ್ಗೆ ಸಿಕ್ಕಿತು. ಪ್ರೋಗ್ರಾಂ ದೊಡ್ಡ ಪುಟದ ಒಂದು ಭಾಗವನ್ನಷ್ಟೇ ಹಿಂತಿರುಗಿಸಿದರೆ ನಿನ್ನ ಕರ್ನಲ್ ಇಡೀ ಪುಟವನ್ನೇ ಕಿತ್ತುಕೊಳ್ಳುತ್ತದೆ. ಬಾಡಿಗೆಯವರು ಒಂದು ಕೋಣೆ ಖಾಲಿ ಮಾಡಿದ್ದಕ್ಕೆ ಮಾಲೀಕ ಇಡೀ ಮನೆಗೆ ಬೀಗ ಜಡಿದ ಹಾಗೆ. ಚಿತ್ರದ ಅರ್ಧ ಮುಚ್ಚಿದ ಕೂಡಲೇ ಉಳಿದರ್ಧವೂ ಹೋಗಿ ಪ್ರೋಗ್ರಾಂ ಕುಸಿಯುತ್ತದೆ, ಅದೂ ಎಲ್ಲರೆದುರು. ಸರ್ ಎಂಥವರು ಎಂದು ನಿನಗೆ ಗೊತ್ತು. ಎರಡನೇ ಅವಕಾಶ ಕೊಡುವವರಲ್ಲ. ನಿನ್ನ ಒಂದು ವರ್ಷದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಹಿಂತಿರುಗಿ ಪಡೆಯುವ ಮೊದಲು ಆ ಪುಟವನ್ನು ಸಣ್ಣ ಪುಟಗಳಾಗಿ ಒಡೆ. ಅಷ್ಟಕ್ಕೆ ಸಮಯವಿಲ್ಲದಿದ್ದರೆ, ಅರ್ಧ ಪುಟ ವಾಪಸು ಪಡೆಯುವುದಿಲ್ಲ ಎಂದು ಎರರ್ ಕೊಟ್ಟು ಕಳಿಸು. ಹತ್ತು ಸಾಲಿನ ಕೆಲಸ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಪಾವನಾ

ತಾ.ಕ.: ಇವತ್ತು ಬೆಳಿಗ್ಗೆ ಸಿಕ್ಕಿತು ಎಂದದ್ದು ಸುಳ್ಳು. ಫ್ಲಾಪಿ ಬಂದ ದಿನವೇ ಸಿಕ್ಕಿತ್ತು, ಹತ್ತು ದಿನದ ಹಿಂದೆ. ಮೇಜಿನ ಮೇಲೆ ಫೋನ್ ಇದ್ದೂ ಪತ್ರ ಬರೆಯಲು ಕೂತೆ. ಅಂಚೆಯಲ್ಲಿ ಇದು ನಿನಗೆ ಸಿಗುವುದು ಶುಕ್ರವಾರ ಕಳೆದ ಮೇಲೆ, ಶನಿವಾರ ಎಂದು ಲೆಕ್ಕ ಹಾಕಿಯೇ ಕೂತೆ. ನಾನು ಎಚ್ಚರಿಸಿದ ಹಾಗೂ ಆಗಬೇಕು, ನೀನು ಬೀಳಲೂ ಬೇಕು. ಅಂಟಿಸಿದ ಲಕೋಟೆ ಹರಿದು ಇಷ್ಟನ್ನು ಸೇರಿಸುತ್ತಿದ್ದೇನೆ. ಈಗಲೇ ನಿನಗೆ ಫೋನ್ ಮಾಡುತ್ತೇನೆ. ತಪ್ಪು ಎಲ್ಲಿದೆ ಎಂದಷ್ಟೇ ಹೇಳುತ್ತೇನೆ, ಉಳಿದದ್ದಕ್ಕೆ ನನಗೆ ಬಾಯಿ ಬರುವುದಿಲ್ಲ. ನೀನು, ನನ್ನನ್ನು ಉಳಿಸಿದೆ ಕಣೇ ಎನ್ನುತ್ತೀಯ. ಆ ಮಾತನ್ನು ಶನಿವಾರ ಇದನ್ನು ಓದಿದ ಮೇಲೆ ವಾಪಸು ತೆಗೆದುಕೋ.