ಸಪ್ಪನೆಯ ಹದಿನೆಂಟು ದಿನ

೨೩ ಎಪ್ರಿಲ್ ೧೯೩೦, ಬೆಳಗಿನ ಐದು

ಟಪಾಲು ಓಟದ ಗೆಜ್ಜೆಕೋಲು ಒರೆಸಿದೆ. ಮೂಡಲಗಿಗೆ ಹೋಗುವ ಟಪಾಲಿನ ಚೀಲ ಇನ್ನೂ ಬಂದಿಲ್ಲ. ಬಂತೆಂದರೆ ಗೋಕಾವಿಯಿಂದ ತುಕ್ಕಾನಟ್ಟಿವರೆಗೆ ಓಟ. ಅಲ್ಲಿ ನನ್ನಂತೆ ಟಪಾಲು ಹೊತ್ತೋಡುವ ಬೇರೆ ಹಲಕಾರನ ಹೆಗಲಿಗೆ ಹಾಕಿ, ಅವನ ಚೀಲ ಹೊತ್ತು ಮರಳಿ ಓಟ. ದಿನಾ ಇದೇ.

ನಿನ್ನೆಯಿಂದ ಉಪ್ಪು ಬಿಟ್ಟಿದ್ದೇನೆ. ಊರೂರಲ್ಲಿ ಮಂದಿ ಉಪ್ಪಿನ ಕರದ ವಿರುದ್ಧ ಎದ್ದಿದ್ದಾರೆ. ನಾನು ಸರಕಾರಿ ಪಟ್ಟಾ ಕಟ್ಟಿದವನು, ಬೀದಿಗಿಳಿದರೆ ನೌಕರಿ ಹೋದೀತು. ಇಷ್ಟಾದರೂ ಮಾಡಬಹುದಲ್ಲ— ಕರ ಕಟ್ಟಿದ ಉಪ್ಪು ಬಾಯಿಗಿಡುವುದಿಲ್ಲ. ಬಸವಣ್ಣನ ಆಣೆ. ಉಪ್ಪುಂಡ ಮನೆಗೆ ಎರಡು ಬಗೆಯಬಾರದಂತೆ. ಉಣ್ಣಲೇ ಇಲ್ಲವಲ್ಲ!

ಹೆಂಡತಿ ಶೆಟ್ಟೆವ್ವನಿಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿದೆ. ಸಪ್ಪನೆ ಅಂಬಲಿ ಕಾಸಿಕೊಟ್ಟಳು, ಪಾಪ.

೩೦ ಎಪ್ರಿಲ್

ಬಿಸಿಲು... ಥೂ. ದಾರಿಯಲ್ಲಿ ನಾಲ್ಕು ಬಾವಿ, ನಾಲ್ಕೂ ಕಡೆ ಚೆಂಬು ತುಂಬ ನೀರು. ಬಾಯಾರದಿದ್ದರೂ ಕುಡಿದೆ, ಬೆವರಿದ್ದೆಲ್ಲ ತುಂಬಬೇಕಲ್ಲ. ಸಂಜೆ ಕಾಲಿನ ಮೀನಖಂಡ ಗಂಟು ಕಟ್ಟಿತು. ಶೆಟ್ಟೆವ್ವ ಎಣ್ಣೆ ತಿಕ್ಕಿದಳು, ಬೈದಳು.

೫ ಮೇ

ತಲೆನೋವು. ಓಕರಿಕೆ. ಬಿಸಿಲು ಬಡಿದಿದೆ, ಇನ್ನೇನು. ಈಗ ಬಾವಿಗೆ ಎರಡು ಚೆಂಬು. ಆದರೂ ನೋವು ಇಳಿಯುತ್ತಿಲ್ಲ. ಬೆಳ್ಳಿ ಉಂಗುರ ಬೆರಳಲ್ಲಿ ಸಿಕ್ಕಿಕೊಂಡಿದೆ. ಸೊರಗಬೇಕಾದವನು ಊದಿದ್ದೇನೆ.

ಹದಿಮೂರು ನಿಮಿಷ ಲೇಟು. ಪೋಸ್ಟಮಾಸ್ತರರು ಗಡಿಯಾರ ನೋಡಿದರು.

೧೦ ಮೇ

ಇನ್ನೂ ಸುಸ್ತು. ಆದರೂ ಬರೆಯಬೇಕು.

ನಿನ್ನೆ ಮರಳುವಾಗ ದಾರಿಯೇ ತಿಳಿಯಲಿಲ್ಲ. ಹತ್ತು ವರ್ಷ ಓಡಿದ ದಾರಿ! ನಬಿಲಾಲ ಕಾಕಾನ ಹೊಲದ ಬಾವಿಕಟ್ಟೆಗೆ ಒರಗಿದ್ದು ನೆನಪಿದೆ. ಕಾಕಾ ಮೂವತ್ತು ವರ್ಷ ಇದೇ ಟಪಾಲು ಹೊತ್ತು ಬಿಟ್ಟವರು. ನೀರಿನ ಹಗ್ಗಕ್ಕೆ ಕೈ ಹಾಕಿದೆ, ಕಸಿದುಕೊಂಡರು. ನನ್ನ ಬೆರಳು ಹಿಡಿದು ಉಂಗುರ ನೋಡಿದರು.

"ನೀರು ಸಾಕು. ಉಪ್ಪು ತಿಂದು ಎಷ್ಟ ದಿನಾ ಆತು?"

ಎಲ್ಲ ಹೇಳಿಬಿಟ್ಟೆ. ಅತ್ತುಬಿಟ್ಟೆ ಅಂತಲೂ ಕಾಣುತ್ತದೆ.

ಬೈದರು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಮೇಲೆ ಬರೀ ನೀರು ಸುರಿದುಕೊಂಡರೆ ಮೈಯಲ್ಲಿ ಉಳಿದದ್ದೂ ತೆಳ್ಳಗಾಗುತ್ತದಂತೆ. ಅವರ ಜೊತೆಯ ಹಲಕಾರನೊಬ್ಬ ಹೀಗೇ ಚೆಂಬು ಹಿಡಿದುಕೊಂಡೇ ಸತ್ತನಂತೆ. ಉಪ್ಪು ಹಾಕಿದ ಅಂಬಲಿ ತಂದರು. ಹಲ್ಲು ಕಚ್ಚಿದೆ. ಆಣೆ.

ಕಾಕಾ ಒಳಗೆ ಹೋಗಿ ಚಿಂದಿಬಟ್ಟೆಯ ಗಂಟು ತಂದು ಬಿಚ್ಚಿದರು. ಬೂದು ಬಣ್ಣದ ಉಪ್ಪು, ಮಣ್ಣು ಬೇರೆ.

"ಇದು ಸರಕಾರದ್ದಲ್ಲೋ. ಅಂಕೋಲಾದಾಗ ಮಂದಿ ಸಮುದ್ರದ ನೀರ ಕಾಸಿ ಮಾಡಿದ್ದು, ನನ್ನ ಅಳಿಯಾ ತಂದಾನ. ಬಾಯಿ ತೆರಿ."

ತೆರೆದೆ. ಬಸವಣ್ಣಾ, ಉಪ್ಪು ಇಷ್ಟು ರುಚಿಯೇ! ಚೀಲವನ್ನು ಕಾಕಾ ತಾವೇ ಓಡಿ ಮುಟ್ಟಿಸಿದರು, ಅರವತ್ತು ದಾಟಿದ ಕಾಲಿನಲ್ಲಿ. ಸಂಜೆಗೆ ನನಗೆ ದಾರಿ ತಿಳಿಯಿತು.

೨೫ ಮೇ

ಉಂಗುರ ಸಲೀಸಾಗಿ ತಿರುಗುತ್ತದೆ. ಬಾಯಾರಿದರಷ್ಟೇ ನೀರು. ಓಟಕ್ಕೆ ಮುಂಚೆ ಕಾಕಾ ಕೊಟ್ಟ ಗಂಟಿನ ಉಪ್ಪು ಹಾಕಿದ ಅಂಬಲಿ, ತುಕ್ಕಾನಟ್ಟಿಯಲ್ಲಿ ಅದೇ ಉಪ್ಪಿನ ಮಜ್ಜಿಗೆ. ಒಂದು ನಿಮಿಷವೂ ಲೇಟಿಲ್ಲ. ಬದುಕಿದೆ ಮಾರಾಯ.

ಸುಳ್ಳು ಹೇಳಿದ್ದಕ್ಕೆ ಶೆಟ್ಟೆವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಉಪ್ಪಿನ ಗಂಟನ್ನು ಹಿಟ್ಟಿನ ಮಡಕೆಯ ತಳಕ್ಕೆ ಹಾಕಿದಳು. ಕರ ಕಟ್ಟದ ಉಪ್ಪಿಗಾಗಿ ಪೋಲೀಸರು ಮನೆ ಹುಡುಕುತ್ತಾರೆಂಬ ಸುದ್ದಿ ಇದೆ.

ಈಗ ಅವಳಿಗೆ ಹಿಂದಿನ ಪುಟ ಓದಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಮುಖ ಬಿಳಿಚಿತು.

"ಗಂಟು ನಾ ಮುಚ್ಚಿಟ್ಟೇನಿ. ನೀವು ಕಾಕಾನ ಹೆಸರ ಬರದಿಟ್ಟೀರಲ್ರಿ."

ಖರೆ. ಒಲೆ ಉರಿಯುತ್ತಿದೆ, ಅಂಬಲಿ ಕುದಿಯುತ್ತಿದೆ. ಈ ದಿನಚರಿಯ ವಹಿಗೆ ಕೈ ಚಾಚಿ ನಿಂತಿದ್ದಾಳೆ. ಇದೊಂದು ಸಾಲು ಮುಗಿಸಿ ಕೊಡುತ್ತೇ—