ಇರ್ಯಾ ಆಗಬೇಕಿದ್ದ ಕ್ಷುದ್ರಗ್ರಹ

ತುರ್ಕು, ಫಿನ್ಲೆಂಡ್
ಮಾರ್ಚ್ ೩, ೧೯೪೬

ಮುದ್ದು ಮಗಳು ಇರ್ಯಾಗೆ ಅಮ್ಮನ ಮುತ್ತುಗಳು.

ಬರೆಯುವುದು ತಡವಾಯಿತು, ಮುನಿಸಿಕೊಳ್ಳಬೇಡ. ಯುದ್ಧಕ್ಕೆ ಹೆದರಿ ನಿನ್ನನ್ನು ಸ್ವೀಡನ್ನಿನ ಎಬ್ಬಾ ಅವರ ಮನೆಗೆ ಕಳಿಸಿ ಎರಡು ವರ್ಷವಾಯಿತು. ನಮ್ಮ ಭಾಷೆ ನಿನಗೆ ಮರೆತೇಹೋಗಿದೆಯಂತೆ. ಅಲ್ಲಿನ ಪಾದ್ರಿಗಳು ಇದನ್ನು ಸ್ವೀಡಿಷ್‌ನಲ್ಲಿ ಓದಿ ಹೇಳುತ್ತಾರೆ. ಹೆತ್ತ ಮಗಳೊಂದಿಗೆ ಮಾತಾಡಲು ನನಗೆ ಪಾದ್ರಿ ಬೇಕು! ಇರಲಿ.

ವೀಕ್ಷಣಾಲಯದ ನನ್ನ ಕೆಲಸ ನೆನಪಿದೆಯೇ? ಆಕಾಶದ ಒಂದೇ ಭಾಗವನ್ನು ಎರಡು ರಾತ್ರಿ ತೆಗೆದ ಗಾಜಿನ ಫೋಟೋಗಳನ್ನು ಯಂತ್ರದಲ್ಲಿ ಅದಲುಬದಲು ಮಾಡಿ ನೋಡುವುದು. ನಕ್ಷತ್ರಗಳು ಕದಲುವುದಿಲ್ಲ, ಕ್ಷುದ್ರಗ್ರಹ ಮಾತ್ರ ಛಂಗನೆ ನೆಗೆಯುತ್ತದೆ. ನೀನು ಹೋಗುವ ಹಿಂದಿನ ವಸಂತದಲ್ಲಿ ಹಾಗೊಂದು ನೆಗೆಯಿತು. ನೀನು ನನ್ನ ಮಡಿಲೇರಿ ಇಣುಕಿ, "ಅಮ್ಮಾ, ಚಿಗಟ!" ಅಂದೆ. ಪ್ರೊಫೆಸರ್ ಹೌತಲ ಬಿದ್ದು ಬಿದ್ದು ನಕ್ಕರು. "ಸಿಲ್ವಿ, ಇದರ ದಾರಿ ಖಚಿತ ಆಗ್ಲಿ, ಈ ಚಿಗಟಕ್ಕೆ ನಿನ್ ಮಗಳ ಹೆಸ್ರೇ ಇಡೋಣ" ಅಂದರು.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಅದರ ಓಡಾಟ. ಸೂರ್ಯನಿಗೆ ಒಂದು ಸುತ್ತು ಬರಲು ನಾಲ್ಕೂವರೆ ವರ್ಷ. ಬಲು ಮಂಕು, ಬೆಳಕು ಏರುತ್ತ ಇಳಿಯುತ್ತ ಇರುವುದರಿಂದ ಆಲೂಗಡ್ಡೆಯ ಹಾಗೆ ಉದ್ದವಾಗಿದ್ದು ಉರುಳುತ್ತಿರಬೇಕು. ನಮ್ಮ ಭೂಮಿ ಅದಕ್ಕಿಂತ ಬೇಗ ಸುತ್ತುವುದರಿಂದ ಹದಿನೈದು ತಿಂಗಳಿಗೇ ಅದು ಮತ್ತೆ ನಮ್ಮ ಹತ್ತಿರ ಬಂತು, ಬಂದದ್ದು ನಡುಬೇಸಿಗೆಯಲ್ಲಿ. ನಮ್ಮೂರ ಬೇಸಿಗೆಯಲ್ಲಿ ಕತ್ತಲೆ ಎಲ್ಲಿದೆ ಹೇಳು? ನಾವು ಬೆಳ್ಳಗಿನ ಆಕಾಶ ನೋಡುತ್ತ ಕೂತೆವು. ದಕ್ಷಿಣದ ದೇಶವೊಂದರವರು ಅದನ್ನು ಕಂಡರು, ಹಿಂಬಾಲಿಸಿದರು, ದಾರಿ ಲೆಕ್ಕ ಹಾಕಿದರು. ಈಗ ಅದಕ್ಕೆ ಬೇರೆ ಯಾರದೋ ಹೆಸರು.

"ಮೊದ್ಲು ಕಂಡಿದ್ದು ನಾನು ಸಾರ್!" ಎಂದು ಕೂಗಾಡಿದೆ.

"ಹೌದಮ್ಮ, ಯಾರು ಇಲ್ಲ ಅಂದ್ರು? ಆದ್ರೆ ಹೆಸ್ರಿಡೋದು ಮೊದ್ಲು ಕಂಡೋರಲ್ಲ, ಕೊನೇವರ್ಗೂ ಕೈಬಿಡದೆ ನೋಡ್ಕೊಂಡೋರು" ಅಂದರು ಪ್ರೊಫೆಸರ್. ನನಗೆ ಅಳು ಬಂತು. ಒಂದು ಕಲ್ಲಿಗಾಗಿ ಇಷ್ಟು ಅಳುವುದೇ ಎಂದು ಅವರಿಗೆ ಆಶ್ಚರ್ಯ.

ಚಳಿಗೆ ಉಣ್ಣೆಯ ಕಾಲುಚೀಲ ಹಾಕಿಕೋ. ಎಬ್ಬಾ ಅವರ ಮಾತು ಕೇಳು. ದೇವರು ನಿನ್ನನ್ನು ಸದಾ ನಗುನಗುತ್ತ ಇಟ್ಟಿರಲಿ.

ನಿನ್ನ ಅಮ್ಮ,
ಸಿಲ್ವಿ

ಮತ್ತೊಂದು ಮಾತು: ಪಾದ್ರಿಗಳೇ, ಇಲ್ಲಿಂದ ಮುಂದಿನದನ್ನು ಮಗುವಿಗೆ ಓದಬೇಡಿ. ಎಬ್ಬಾ ಅವರಿಗೆ ದತ್ತು ಕೊಡಲು ಒಪ್ಪಿ ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ಅವಳಪ್ಪ ಯುದ್ಧದಿಂದ ಬರಲಿಲ್ಲ, ನನ್ನ ಕೋಣೆಯಲ್ಲಿ ಸೌದೆಯಿಲ್ಲ. ಅದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ "ನನ್ನಮ್ಮ ಇಲ್ಲೇ ಇದಾರೆ, ಆ ಹೆಂಗಸಿನ ಹತ್ರ ಕಳಿಸ್ಬೇಡಿ" ಎಂದು ಅವಳು ಅತ್ತಳೆಂದು ನೀವೇ ಬರೆದಿದ್ದಿರಿ. ಎಬ್ಬಾ ಅವಳನ್ನು ಕರಿನ್ ಎನ್ನುತ್ತಾರಂತೆ. ಮನೆಯಲ್ಲಿ ಹಾಗೇ ಕರೆಯಲಿ. ಕಾಗದದಲ್ಲಿ ಮಾತ್ರ ಇರ್ಯಾ ಎಂದೇ ಉಳಿಸಲು ಕೇಳಿಕೊಳ್ಳಿ. ಆ ಹೆಸರನ್ನು ಇಡಲು ನನ್ನ ಬಳಿ ಇನ್ನೇನೂ ಉಳಿದಿಲ್ಲ.