ಸೇತುವೆ ಕಂಬದ ಬುಡದ ಮೀನು

ಸೈಪ್ರಸ್ ಬೆಂಡ್, ಅಲಬಾಮಾ
ಸೋಮವಾರ, 9 ಅಕ್ಟೋಬರ್ 1995

ಪ್ರೀತಿಯ ಡೆಲ್ಬರ್ಟ್,

ಹೇಗಿದ್ದೀಯ? ಫ್ಲಾರಿಡಾದ ಬಿಸಿಲಿಗೆ ನಿನ್ನ ಕತ್ತಿನ ಹಿಂಭಾಗ ಮತ್ತೆ ಸುಲಿದಿರಬೇಕು. ಮುಲಾಮನ್ನು ಕೆಂಪು ಪೆಟ್ಟಿಗೆಯಲ್ಲಿ, ಗಾಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಹುಳುಗಳ ಪೊಟ್ಟಣದ ಕೆಳಗೆ ಇಟ್ಟಿದ್ದೇನೆ. ಬೇರೆಲ್ಲಿಟ್ಟರೂ ನಿನ್ನ ಕಣ್ಣಿಗೆ ಬೀಳುವುದಿಲ್ಲ. ಮೋಟೆಲಿನ ಹುರಿದ ಕೋಳಿಯನ್ನೇ ಮೂರು ಹೊತ್ತೂ ತಿನ್ನಬೇಡ, ರಕ್ತದೊತ್ತಡದ ಮಾತ್ರೆ ಮರೆಯಬೇಡ. ಶುಕ್ರವಾರದಿಂದ ನಮ್ಮ ಕೆರೆಯಲ್ಲೇ ಮೀನು ಹಿಡಿಯುವ ಪಂದ್ಯದ ಫೈನಲ್. ಹತ್ತೊಂಬತ್ತು ವರ್ಷ ನೀನು ಕನಸಿನಲ್ಲೂ ಬಡಬಡಿಸಿದ ಪಂದ್ಯ ಮನೆ ಬಾಗಿಲಿಗೇ ಬಂದಿದೆ. ಗಾಳ, ಹುಳು ಮಾರುವ ಬೇಟ್ ಅಂಗಡಿಯ ಮುಂದೆ ನಿನ್ನ ಹೆಸರಿನ ಬ್ಯಾನರ್ ಕಟ್ಟಿದ್ದಾರೆ. ಊರಿಗೆ ಊರೇ ನೀನು ಗೆದ್ದೆಯೆಂದು ಕುಳಿತಿದೆ.

ಇಲ್ಲಿಯ ಸುದ್ದಿ ಕೇಳಿದರೆ ನಗುತ್ತೀಯ. ನಾನು ಮೀನು ಹಿಡಿಯಲು ಕಲಿತೆ. ಫೈನಲ್ ಮುಗಿಯುವ ತನಕ ಅಭ್ಯಾಸ ಮಾಡದಂತೆ ಕೆರೆ ಮುಚ್ಚಿರುವುದು ಪಂದ್ಯದವರಿಗೆ, ಹೆಂಡತಿಯರಿಗಲ್ಲವಲ್ಲ. ನಿನ್ನ ಹಳೆಯ ಅಲ್ಯೂಮಿನಿಯಂ ದೋಣಿ ತೆಗೆದುಕೊಂಡು ದಿನಾ ಬೆಳಿಗ್ಗೆ ಹೋಗುತ್ತೇನೆ. ಮೊದಲ ವಾರ ಬರೀ ಕಲ್ಲು, ಬೇರು, ಯಾರದೋ ಬೂಟು. ಮದುವೆಯಾದ ವರ್ಷ ನೀನು ಹೇಳಿದ್ದು ನೆನಪಾಯಿತು: "ಬಿಡೇ ನೆಲ್ಡಾ, ನಿನ್ನ ಕೈಗೆ ಲಟ್ಟಣಿಗೇನೇ ಸರಿ. ಕಲ್ಲು ತಾಗಿದ್ರೂ ಎಳೀತೀಯಲ್ಲೇ." ಹೌದು, ನಾನು ಕಲ್ಲಿಗೂ ಎಳೆಯುತ್ತಿದ್ದೆ. ಈಗ ಎಳೆಯುವುದಿಲ್ಲ. ಗಾಳವನ್ನು ಹುಳುವಿನ ತಲೆಗೆ ಚುಚ್ಚಿ ಹೊರಗೆ ತೆಗೆದು, ತಿರುಗಿಸಿ, ಮೊನೆಯನ್ನು ಮತ್ತೆ ಅದರ ಮೈಯೊಳಗೇ ಹುದುಗಿಸುತ್ತೇನೆ. ಹೊರಗೆ ಚೂರೂ ಕಾಣಬಾರದು, ಬೆರಳಾಡಿಸಿದರೂ ಗೊತ್ತಾಗಬಾರದು. ಆಮೇಲೆ ತಳಕ್ಕೆ ಬಿಟ್ಟು ಸುಮ್ಮನಿರುವುದು. ಕೋಲನ್ನು ಸ್ವಲ್ಪ ಎತ್ತುವುದು, ಇಳಿಸುವುದು, ಮತ್ತೆ ಸುಮ್ಮನಿರುವುದು. ದಾರದಲ್ಲಿ ಟಕ್ ಟಕ್ ಎಂದರೂ ಅವಸರ ಮಾಡಬಾರದು. ಹುಳು ಮೆತ್ತಗಿದೆ, ಉಪ್ಪುಪ್ಪಾಗಿದೆ, ಮೀನು ಉಗುಳುವುದಿಲ್ಲ. ಬಾಯಿ ತುಂಬ ಕಚ್ಚಿಕೊಂಡು ನಿಧಾನವಾಗಿ ಪಕ್ಕಕ್ಕೆ ಹೊರಟಿತು ಅನ್ನುವಾಗ ಸಡಿಲ ದಾರ ಸುತ್ತಿ, ಒಂದೇ ಏಟಿಗೆ ಮೇಲಕ್ಕೆ. ಇಷ್ಟು ಸಣ್ಣ ಕೆಲಸ ಹೇಳಿಕೊಡಲು ನಿನಗೆ ಹತ್ತೊಂಬತ್ತು ವರ್ಷ ಪುರುಸೊತ್ತಾಗಲಿಲ್ಲ.

ಒಂದು ಬೇಸರದ ಸುದ್ದಿಯೂ ಇದೆ. ಪ್ರತಿ ಜನವರಿ ನಾವಿಬ್ಬರೂ ಊರವರು ಬಿಸಾಡಿದ ಕ್ರಿಸ್‌ಮಸ್ ಮರಗಳನ್ನು ಆರಿಸಿ ತಂದು, ಮೀನು ಗೂಡುಕಟ್ಟಲೆಂದು ಸಿಮೆಂಟ್ ಇಟ್ಟಿಗೆ ಕಟ್ಟಿ ಕೆರೆಯ ಕೊಲ್ಲಿಯಲ್ಲಿ ಮುಳುಗಿಸುತ್ತಿದ್ದೆವಲ್ಲ, ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಬೈಬಲ್ ಮುಟ್ಟಿಸಿದ್ದೆಯಲ್ಲ, ಆ ಜಾಗ ಖಾಲಿ. ನೀರು ಇಳಿದು ಹೂಳು ತುಂಬಿದೆ. ಹನ್ನೊಂದು ದಿನ ಗಾಳ ಹಾಕಿದೆ, ಒಂದೂ ಕಚ್ಚಲಿಲ್ಲ. ಮೀನೆಲ್ಲ ಹಳೆಯ ರೈಲು ಸೇತುವೆಯ ಮೂರನೆಯ ಕಂಬದ ಬುಡಕ್ಕೆ ಹೋಗಿವೆ, ನೆರಳಿನ ಕಡೆಗೆ, ಹದಿನಾಲ್ಕು ಅಡಿ ಆಳದಲ್ಲಿ. ಕಡುನೇರಳೆ ಬಣ್ಣದ ಉದ್ದನೆಯ ಹುಳು, ಹಗುರವಾದ ಸೀಸದ ಗುಂಡು. ನಿನ್ನೆ ಎಂಟು ಪೌಂಡಿನ ಬಾಸ್ ಮೀನು ಸಿಕ್ಕಿತು. ಪೊಲರಾಯ್ಡ್ ಫೋಟೋ ಜೊತೆಗಿಟ್ಟಿದ್ದೇನೆ, ಹಿಂದೆ ಕಾಣುವ ಕಂಬ ನಿನಗೆ ಗುರುತು ಸಿಗುತ್ತದೆ. ಅದರ ಬಾಯಿಂದ ಗಾಳವನ್ನೂ ನಾನೇ ಬಿಡಿಸಿದೆ.

ಹಿಡಿದದ್ದನ್ನು ತೋರಿಸಲು ರಾಯ್ಸ್ ಇರಬೇಕಿತ್ತು ಅನ್ನಿಸಿತು. ನನ್ನ ಒಬ್ಬನೇ ತಮ್ಮ. ಎರಡು ವರ್ಷದ ಹಿಂದೆ ಇದೇ ಕೆರೆಯ ಪಂದ್ಯದ ಹಿಂದಿನ ಸಂಜೆ ಅವನಿಗೆ ಅವರೆಕಾಳು ಬಡಿಸುತ್ತಾ ನಾನು, "ಗರಗಸದ ಮಿಲ್ಲಿನ ತಿರುವಲ್ಲಿ ಮೀನು ಕುಣೀತಿವೆ ಕಣೋ, ಪೋಸ್ಟ್‌ಮ್ಯಾನ್ ಹೇಳ್ದ" ಅಂದೆ. ನನಗೆ ನಿಮ್ಮ ನಿಯಮ ಗೊತ್ತಿರಲಿಲ್ಲ. ಅವನೂ ಜಾಗ ಹೇಳೆಂದು ಕೇಳಿರಲಿಲ್ಲ, ತಲೆ ತಗ್ಗಿಸಿ ಉಣ್ಣುತ್ತಿದ್ದ. ನೀನು ಜೋಳದ ರೊಟ್ಟಿ ಅಗಿಯುತ್ತಾ ಎಲ್ಲ ಕೇಳಿಸಿಕೊಂಡೆ. ಅವನು ಗೆದ್ದು ಕಪ್ ಎತ್ತಿದ ಮೇಲೆ ನೀನು ಎದ್ದು ಹೋಗಿ ತೀರ್ಪುಗಾರರ ಕಿವಿಯಲ್ಲಿ ಹೇಳಿದೆ. ಊರ ಮುಂದೆ ಅವನ ಕೈಯಿಂದ ಕಪ್ ಕಿತ್ತುಕೊಂಡರು, ಮೋಸಗಾರನೆಂದು ಪಂದ್ಯಗಳಿಂದಲೇ ಹೊರಹಾಕಿದರು. ಅವನು ದೋಣಿ ಮಾರಿ ಮೊಬೀಲಿನ ಕೋಳಿ ಕಾರ್ಖಾನೆಗೆ ಸೇರಿದ, ನನ್ನ ಜೊತೆ ಮಾತು ಬಿಟ್ಟ. ನಾನು ಅಳುತ್ತಿದ್ದಾಗ ನೀನು, "ರೂಲ್ಸ್ ಅಂದ್ರೆ ರೂಲ್ಸ್ ಕಣೇ. ಬಾಮೈದ ಅಂತ ಬಿಡಕ್ಕಾಗತ್ತಾ?" ಅಂದೆ, ಮತ್ತೆರಡು ರೊಟ್ಟಿ ಕೇಳಿದೆ. ಅವತ್ತಿನಿಂದ ನಿನ್ನನ್ನು ಕಂಡರೆ ನನಗೆ ಆಗುವುದಿಲ್ಲ, ಡೆಲ್ಬರ್ಟ್. ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು.

ಅದಿರಲಿ. ಗುರುವಾರ ಸಂಜೆ ಬರುವಷ್ಟರಲ್ಲಿ ನಿನ್ನ ಅದೃಷ್ಟದ ಅಂಗಿ ಒಗೆದಿಟ್ಟಿರುತ್ತೇನೆ. ನಿನ್ನ ಅಮ್ಮನೂ ಪಾದ್ರಿಗಳೂ ನಿನಗಾಗಿ ಪ್ರಾರ್ಥಿಸುತ್ತಿದ್ದಾರೆ. ಜೋಪಾನವಾಗಿ ಗಾಡಿ ಓಡಿಸು.

ನಿನ್ನ
ನೆಲ್ಡಾ

ಮರೆತಿದ್ದೆ, ಅಂಚೆಯವನು ಗೇಟಿನ ಹತ್ತಿರ ನಿಂತಿದ್ದಾನೆ, ಆದರೂ ನಿಮ್ಮ ನಿಯಮ ನೆನಪಿಸಿಬಿಡುತ್ತೇನೆ: ಕೆರೆ ಮುಚ್ಚಿದ ಮೇಲೆ ಮೀನಿನ ಜಾಗ ಯಾರೇ ಹೇಳಿದರೂ, ನೀನು ಕೇಳಿದ್ದರೂ ಕೇಳದಿದ್ದರೂ, ಪಂದ್ಯದಿಂದ ಹೊರಗೆ. ಈಗ ನಾನು ಹೇಳಿಯಾಯಿತು, ನೀನು ಓದಿಯಾಯಿತು. ಸುಳ್ಳು ಹಿಡಿಯುವ ಯಂತ್ರದ ಕುರ್ಚಿಗೆ ಗೆದ್ದವನನ್ನು ಮಾತ್ರ ಕೂರಿಸುತ್ತಾರೆ, ಯಾರಾದರೂ ಜಾಗ ಹೇಳಿದರೇ ಅನ್ನುವುದೇ ಮೊದಲ ಪ್ರಶ್ನೆ. ಹಾಗಾಗಿ ಭಾನುವಾರ ನೀನು ಸೋತರೆ ಏನೂ ಭಯವಿಲ್ಲ. ಬ್ಯಾನರಿನ ಕೆಳಗೆ, ಊರವರೆದುರು, ಬೆರಳುದ್ದದ ಮೀನು ತೂಗಿಸಿದರಾಯಿತು. ನೋಡಲು ರಾಯ್ಸ್ ಬರುತ್ತಿದ್ದಾನೆ. ನಿನ್ನೆ ನಾನೇ ಫೋನ್ ಮಾಡಿ ಎಲ್ಲಾ ಹೇಳಿದೆ. ಎರಡು ವರ್ಷದ ಮೇಲೆ ಅವನು ನಕ್ಕದ್ದು ಕೇಳಿದೆ. "ಅವ್ನು ಪೂರ್ತಿ ಓದ್ತಾನಾ ಅಕ್ಕ?" ಅಂದ. ಮೀನಿನ ವಿಷಯ ಕಣೋ, ಕೊನೇ ಸಾಲಿನ ತನಕ ಓದ್ತಾನೆ ಅಂದೆ.